ಬಳೆ ಸದ್ದು ಮತ್ತು ಸೇಫ್ಟಿ ಕ್ಲಿಕ್ಕು

ಸಿದ್ದಕ್ಕ: ಅಲ್ರೀ ಅಣ್ಣಾರ, ಆ ಕ್ಯಾಮೆರಾದ ಮೂತಿ ಎಳದ್ರ ನಾ ಹತ್ರ ಕಾಣ್ತೀನಿ ಅಂದ್ರಿ. ಹತ್ರ ಕಂಡ್ರ ಹತ್ರ ಕೇಳಸೂದಿಲ್ಲೇನು? ಮತ್ತ ನನಗ ಈ ಹಗ್ಗ ಯಾಕ ಕಟ್ಟಾಕತ್ತೀರಿ?

ವೆಂಕಟರಮಣಪ್ಪ: ಹಗ್ಗ ಅಲ್ಲಮ್ಮ, ಕಾಲರ್ ಮೈಕು. ಲೆನ್ಸು ಎಳೆದ್ರೆ ಮುಖ ಮಾತ್ರ ಹತ್ರ ಬರೋದು. ಮಾತು ಇದ್ದಲ್ಲೇ ಇರುತ್ತೆ. ಇದೆಲ್ಲಾ ಬೇಸಿಕ್ಕು.

ಈ ಬೇಸಿಕ್ಕು ವೆಂಕಟರಮಣಪ್ಪನವರಿಗೆ ಗೊತ್ತಾಗಿ ಹದಿನೈದು ದಿನವಾಗಿತ್ತಷ್ಟೆ. ಅಲ್ಲಿಯವರೆಗೆ, ಲೆನ್ಸನ್ನು ಎಳೆದು ಮನುಷ್ಯನನ್ನು ಹತ್ತಿರ ತಂದರೆ ಅವನ ಮಾತೂ ಅವನ ಹಿಂದೆಯೇ ನಡೆದು ಬರುತ್ತದೆ ಎಂದು ಅವರು ದೃಢವಾಗಿ ನಂಬಿದ್ದರು.

ಲಗ್ಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ ಎಂದು ಅಲ್ಲಾಡದ ಚಿತ್ರಗಳನ್ನೇ ತೆಗೆದ ಕೈ ಅವರದು. ಎಲ್ಲರ ಜೇಬಿಗೂ ಕ್ಯಾಮೆರಾ ಇರುವ ಮೊಬೈಲು ಬಂದಮೇಲೆ ಸ್ಟುಡಿಯೋದ ಬಾಗಿಲು ತಳ್ಳುವವರು ಕಡಿಮೆಯಾದರು. ಅದಕ್ಕೇ ಅವರು ವಿಡಿಯೋವನ್ನೂ ತೆಗೆಯಬಲ್ಲ ಹೊಸ ಫೋಟೋ ಕ್ಯಾಮೆರಾ ಒಂದನ್ನು ಕೊಂಡು, ಹಳೆಯ ಬೋರ್ಡಿನಲ್ಲಿ ಜಾಗ ಸಾಲದೆ ‘ವಿಡಿಯೋ’ ಎಂಬುದನ್ನು ಸ್ವಲ್ಪ ಓರೆಯಾಗಿ ಬರೆಸಿದರು. ಮೊದಲ ಪ್ರಯೋಗ ಬಡಾವಣೆ ಸಂಘದ ಧ್ವಜಾರೋಹಣ. ಎದುರು ಮನೆಯ ತಾರಸಿಯ ಮೇಲೆ ನಿಂತು, ಲೆನ್ಸನ್ನು ಪೂರ್ತಿ ಎಳೆದು, ಅಧ್ಯಕ್ಷರ ಮೀಸೆಯ ಕೂದಲು ಎಣಿಸಬಹುದಾದ ಹಾಗೆ ತೆಗೆದರು. ಸಂಜೆ ಸಂಘದವರೆಲ್ಲ ಸೇರಿ ನೋಡಿದಾಗ ಅಧ್ಯಕ್ಷರ ತುಟಿ ಗಂಭೀರವಾಗಿ ಅಲ್ಲಾಡುತ್ತಿತ್ತು. ಧ್ವನಿ ಮಾತ್ರ ತಾರಸಿಯಲ್ಲಿ ಕ್ಯಾಮೆರಾದ ಪಕ್ಕ ಕೂತಿದ್ದ ಇಬ್ಬರು ಹಿರಿಯರದು. ಹೀಗಾಗಿ ಅಧ್ಯಕ್ಷರು ಧ್ವಜಕ್ಕೆ ವಂದಿಸಿ, ಮೂರು ದಿನ ಬಾರ್ಲಿ ನೀರು ಕುಡಿದರೆ ಕಿಡ್ನಿಯ ಕಲ್ಲು ತಾನಾಗಿಯೇ ಉದುರುತ್ತದೆ ಎಂದು ನಾಗರಿಕರಿಗೆ ಕರೆ ಕೊಟ್ಟಂತಾಯಿತು. ಮರುದಿನವೇ ವೆಂಕಟರಮಣಪ್ಪನವರು ಕಾಲರ್ ಮೈಕು ತಂದರು.

ಆ ಮೈಕಿನ ಮೊದಲ ಕೊರಳು ಸಿದ್ದಕ್ಕನದು. ಬಾದಾಮಿ ಕಡೆಯಿಂದ ಬಂದು ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದ ಸಿದ್ದಕ್ಕ ಜೋಳದ ರೊಟ್ಟಿ ಬಡಿದು ಸುತ್ತಲಿನ ಕಾರ್ಮಿಕರ ಕೋಣೆಗಳಿಗೆ ಕೊಡುವವಳು. ಗಂಡ ಸೋಮಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರ ನಡೆಸುವವನು. ಅದೇ ಪೀಣ್ಯದ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾರಕ್ಕೆರಡು ದಿನ ರೊಟ್ಟಿ ಊಟ ಕೊಡುವುದೆಂದು ತೀರ್ಮಾನವಾಗಿತ್ತು. ರೊಟ್ಟಿ ಒದಗಿಸುವ ಕೆಲಸಕ್ಕೆ ಕೊನೆಗೆ ಉಳಿದವರು ಇಬ್ಬರು: ಸಿದ್ದಕ್ಕ ಮತ್ತು ರೊಟ್ಟಿ ಮಾಡುವ ಯಂತ್ರ ಇಟ್ಟುಕೊಂಡಿದ್ದ ಒಬ್ಬ ಕಂಟ್ರಾಕ್ಟರು. ಸಿಕ್ಕರೆ ಗಲ್ಲಿಯ ಇನ್ನೂ ನಾಲ್ಕು ಹೆಂಗಸರಿಗೆ ಮನೆಬಾಗಿಲಲ್ಲೇ ಕೆಲಸ. ಕ್ಯಾಂಟೀನಿನವರು ಕೇಳಿದ್ದು ಇಷ್ಟೇ: ನಿಮ್ಮ ಅಡುಗೆಮನೆ ಎಷ್ಟು ಶುಚಿ, ರೊಟ್ಟಿ ಹೇಗೆ ಮಾಡುತ್ತೀರಿ, ಎರಡು ನಿಮಿಷದ ವಿಡಿಯೋ ಕಳಿಸಿ. ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ.

ಈವತ್ತು ಭಾನುವಾರ. ಮಧ್ಯಾಹ್ನದ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಮದುವೆಗೆಂದು ಊರಿಗೆ ಹೊರಡಬೇಕು. ಬಾಗಿಲ ಹತ್ತಿರ ಬ್ಯಾಗು ಕಟ್ಟಿಟ್ಟಿತ್ತು. ಸಿದ್ದಕ್ಕ ಇಳಕಲ್ ಸೀರೆ ಉಟ್ಟಿದ್ದಳು.

ಸಿದ್ದಕ್ಕ: ಒಲಿ ಮುಂದ ಇಷ್ಟು ಉದ್ದ ವಯರು ಬಿಟ್ಟೀರಿ. ಬೆಂಕಿ ಹತ್ತಿದ್ರ?

ವೆಂಕಟರಮಣಪ್ಪ: ಸೋಮಪ್ಪ, ನೀನೇ ಆ ಮೈಕನ್ನ ಆಯಮ್ಮನ ಸೆರಗಿಗೆ ಸಿಗಿಸಪ್ಪ. ಬಾಯಿಂದ ಒಂದು ಗೇಣು ಕೆಳಗೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.

ಸೋಮಪ್ಪ: ಯಾರ ಗೇಣ್ರೀ ಸಾರ? ನಿಮ್ಮದೋ, ನಂದೋ?

ವೆಂಕಟರಮಣಪ್ಪ: ಗೇಣು ಅಂದ್ರೆ ಗೇಣು ಕಣಯ್ಯ.

ಸೋಮಪ್ಪ: ನಮ್ಮ ಶಾಪಿನಾಗ ಕೂದಲೆಳಿಯಷ್ಟು ಫರಕ್ ಬಂದ್ರ ಜಾಬ್, ಅಂದ್ರ ಕಡದ ತುಂಡು, ರಿಜೆಕ್ಟ್ ಮಾಡ್ತಾರ್ರೀ. ಅದಕ್ಕ ಕೇಳಿದ್ನಿ.

ಸಿದ್ದಕ್ಕ: ಎಮ್ಮಿ ಗೂಟಕ್ಕ ಕಟ್ಟಿದಂಗಾತು ನನಗ. ಹಿಟ್ಟಿನ ಡಬ್ಬಿ ಕಡೆ ಹೋದ್ರ ಕ್ಯಾಮೆರಾನೂ ಹಿಂದ ಬರ್ತೈತೇನ್ರೀ?

ವೆಂಕಟರಮಣಪ್ಪನವರು ಕೈಪಿಡಿ ಬಿಚ್ಚಿ, ಚಾಳೀಸನ್ನು ಮೂಗಿಗೇರಿಸಿ, ಜೋರಾಗಿ ಓದಿಕೊಂಡರು. ಗುಂಡಿ ಒಂದೇ. ಒಮ್ಮೆ ಒತ್ತಿದರೆ ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಓಡುತ್ತಿರುವಾಗ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. ಸೂಜಿಗೆ ದಾರ ಪೋಣಿಸುವವರ ಹಾಗೆ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಒಂದು ಸಲ ಒತ್ತಿದರು. ಕೆಂಪು ಚುಕ್ಕೆ ಬಂತು.

ವೆಂಕಟರಮಣಪ್ಪ: ಇದು ಟೆಸ್ಟು. ಗದ್ದ ಸ್ವಲ್ಪ ಮೇಲೆ. ಸೋಮಪ್ಪ, ಭುಜ ಇಳಿಸು. ಹಾಂ, ಹಂಗೇ. ಯಾರೂ ಅಲ್ಲಾಡಬೇಡಿ. ಉಸಿರು ಹಿಡ್ಕೊಳ್ಳಿ.

ಇಪ್ಪತ್ತು ಸೆಕೆಂಡಾದ ಮೇಲೆ ಒತ್ತಿ ನಿಲ್ಲಿಸಿ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೂವರೂ ನೋಡಿದರು. ಸಿದ್ದಕ್ಕ ಎರಡೂ ಕೈಯಲ್ಲಿ ಹಸಿ ರೊಟ್ಟಿ ಎತ್ತಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಸೋಮಪ್ಪ ತಂಬಿಗೆ ಹಿಡಿದು ನಿಂತಿದ್ದ. ಇಡೀ ಚಿತ್ರದಲ್ಲಿ ಚಲಿಸಿದ್ದು ಪಾತ್ರೆಯ ಆವಿ ಮಾತ್ರ.

ಸೋಮಪ್ಪ: ಸಾರ, ಇದು ಫೋಟೋ ಐತಲ್ರೀ.

ವೆಂಕಟರಮಣಪ್ಪ: ಫೋಟೋ ಅಲ್ಲ, ವಿಡಿಯೋ. ಆವಿ ಹೋಗ್ತಿರೋದು ಕಾಣ್ಸಲ್ವಾ?

ಸಿದ್ದಕ್ಕ: ಅಣ್ಣಾರ, ಉಸಿರು ಹಿಡದು ರೊಟ್ಟಿ ಬಡಿಯೂದು ನನಗ ಬರೂದಿಲ್ರೀ. ಆ ಮಷೀನಿನವರಿಗೆ ಬರ್ತೈತಿ ನೋಡ್ರಿ, ಅದಕ್ಕ ಉಸಿರ ಇಲ್ಲ.

ವೆಂಕಟರಮಣಪ್ಪ: ಸರಿ, ಈ ಸಲ ಅಲ್ಲಾಡಿ. ಲಿಮಿಟ್ಟಲ್ಲಿ ಅಲ್ಲಾಡಿ. ಕೈ ಅಷ್ಟು ಸ್ಪೀಡಾಗಿ ಓಡೋದ್ರಿಂದ ಶಟರ್‌ನ ಐನೂರಕ್ಕೆ, ಅಂದ್ರೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲಿಗೆ ಇಟ್ಟಿದೀನಿ. ಮದುವೇಲಿ ಅಕ್ಷತೆ ಎಸೆಯೋವಾಗ ಒಂದೊಂದು ಅಕ್ಕಿ ಕಾಳೂ ಗಾಳೀಲಿ ನಿಲ್ಲಿಸಿರೋ ಕೈ ಇದು.

ಎರಡನೆಯ ಟೆಸ್ಟಿನಲ್ಲಿ ಸಿದ್ದಕ್ಕ ಅಲ್ಲಾಡಿದಳು. ಅವಳ ಜೊತೆಗೆ ಇಡೀ ಅಡುಗೆಮನೆಯೂ ಅಲ್ಲಾಡಿತು. ಗೋಡೆಯ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಒಂದರ ಹಿಂದೊಂದು ಇಳಿದು ಹೋಗುತ್ತಿದ್ದವು.

ಸಿದ್ದಕ್ಕ: ನಮ್ಮ ಗ್ವಾಡಿ ಹಿಂಗ ಇಲ್ರೀ. ದೀಪಾವಳಿಗೆ ಸುಣ್ಣ ಹಚ್ಚೇವಿ. ಕ್ಯಾಂಟೀನಿನವರು ನೋಡಿದ್ರ ಏನಂದಾರು?

ವೆಂಕಟರಮಣಪ್ಪ: ಇದು ನಿಮ್ಮನೆ ವೋಲ್ಟೇಜ್ ಪ್ರಾಬ್ಲಮ್ಮು. ನನ್ನ ಸೆಟ್ಟಿಂಗ್ ಕರೆಕ್ಟಾಗಿದೆ.

ಸೋಮಪ್ಪ: ತಪ್ಪು ತಿಳೀಬ್ಯಾಡ್ರಿ ಸಾರ. ಟ್ಯೂಬ್ ಲೈಟು ಒಂದ ಸಮ ಉರಿಯೂದಿಲ್ರೀ, ಮಿಣುಕತೈತಿ. ಕಣ್ಣಿಗೆ ತಿಳಿಯೂದಿಲ್ಲ, ಅಷ್ಟ. ನಮ್ಮ ಶಾಪಿನಾಗ ಲೇತಿನ ಮ್ಯಾಲ ಬರೇ ಟ್ಯೂಬ್ ಲೈಟ್ ಇದ್ರ, ಜೋರು ತಿರಗೂ ಜಾಬು ಒಮ್ಮೊಮ್ಮೆ ನಿಂತಂಗ ಕಾಣ್ತೈತಿ. ನಿಂತೈತಿ ಅಂತ ಕೈ ಹಾಕಿದ್ರ ಬೆರಳು ಹೋಗ್ತಾವು. ಅದಕ್ಕ ಮಷೀನಿಗೆ ಒಂದೊಂದು ಗುಂಡು ಬಲ್ಬು ಹಾಕಿರ್ತಾರ.

ವೆಂಕಟರಮಣಪ್ಪ: ಅದು ಲೇತು ಕಣಯ್ಯ. ಇದು ಕ್ಯಾಮೆರಾ.

ಸೋಮಪ್ಪ: ಲೈಟು ಅದ ಅಲ್ರೀ.

ವೆಂಕಟರಮಣಪ್ಪನವರು ಕೈಪಿಡಿಯ ಪುಟ ತಿರುವತೊಡಗಿದರು. ಉತ್ತರ ಸಿಗದಾಗ ಪುಟ ತಿರುವುವುದು, ಸಿಕ್ಕಿದಾಗ ಕೆಮ್ಮುವುದು ಅವರ ಪದ್ಧತಿ. ಈ ಸಲ ಬಹಳ ಹೊತ್ತು ತಿರುವಿದರು.

ಸೋಮಪ್ಪ: ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸೈಕಲ್ಲಿಂದು. ನಿಮ್ಮ ಶಟರೂ ಐವತ್ತಕ್ಕ ಇಟ್ಟು ನೋಡ್ರಿ. ಎರಡೂ ಕೂಡಿ ನಡದ್ರ ಪಟ್ಟಿ ಹೋದಾವೇನೋ.

ವೆಂಕಟರಮಣಪ್ಪ: ಐವತ್ತಾ? ಐವತ್ತರಲ್ಲಿ ತೆಗೆದ್ರೆ ಕೈ ನಡುಗಿದಂಗೆ ಬರುತ್ತೆ. ನಾನು ಐವತ್ತಕ್ಕೆ ಇಳಿದಿಲ್ಲ ಸೋಮಪ್ಪ, ಈ ಇಪ್ಪತ್ತೆರಡು ವರ್ಷದಲ್ಲಿ.

ಸಿದ್ದಕ್ಕ: ಒಂದ್ಸಲ ಇಳೀರಿ ಅಣ್ಣಾರ. ಬಸ್ಸಿಗೆ ಹೊತ್ತಾತು.

ಇಳಿದರು. ಪರದೆಯಲ್ಲಿ ಪಟ್ಟೆಗಳು ಮಾಯವಾದವು. ಗೋಡೆ ದೀಪಾವಳಿಯ ಸುಣ್ಣದಲ್ಲಿ ಬೆಳ್ಳಗೆ ಹೊಳೆಯಿತು. ವೆಂಕಟರಮಣಪ್ಪನವರು ಕೆಮ್ಮಿದರು.

ವೆಂಕಟರಮಣಪ್ಪ: ನಾನೂ ಅದನ್ನೇ ಹೇಳೋಣ ಅಂತಿದ್ದೆ. ಈಗ ಆ ಎರಡನೇ ಟೆಸ್ಟಿನ ಸೌಂಡ್ ಕೇಳೋಣ.

ಕೇಳಿದರು. ಸಿದ್ದಕ್ಕ ಬಾಯಿ ತೆರೆದು ಏನೋ ಹೇಳುತ್ತಿದ್ದುದು ಕಾಣಿಸಿತು. ಕೇಳಿಸಿದ್ದು ಬಳೆಯ ಸದ್ದೊಂದೇ. ಮದುವೆಗೆಂದು ಹಿಂದಿನ ದಿನವಷ್ಟೇ ಬಳೆಗಾರನನ್ನು ಕರೆಸಿ ಕೈಗೊಂದು ಡಜನ್ ಹಸಿರು ಬಳೆ ತೊಟ್ಟಿದ್ದಳು. ಪ್ರತಿ ಪೆಟ್ಟಿಗೂ ಎರಡು ಡಜನ್ ಬಳೆಗಳು ಒಟ್ಟಾಗಿ ಮೈಕಿನೊಳಗೆ ನುಗ್ಗುತ್ತಿದ್ದವು.

ವೆಂಕಟರಮಣಪ್ಪ: ಇದಾಗಲ್ಲ. ಸಿದ್ದಕ್ಕ, ಆ ಬಳೆ ಎಲ್ಲಾ ತೆಗೆದುಬಿಡಿ.

ಸಿದ್ದಕ್ಕ ಲಟ್ಟಣಿಗೆಗಾಗಿ ಹುಡುಕುತ್ತಿರುವಂತೆ ಆಚೀಚೆ ನೋಡಿದಳು. ಜೋಳದ ರೊಟ್ಟಿಗೆ ಲಟ್ಟಣಿಗೆ ಬೇಕಿಲ್ಲ ಎಂಬುದು ವೆಂಕಟರಮಣಪ್ಪನವರಿಗೂ ಗೊತ್ತಿತ್ತು.

ಸೋಮಪ್ಪ: ಸಾರ, ನಾ ಇನ್ನ ಇಲ್ಲೇ ನಿಂತೀನಲ್ರೀ.

ವೆಂಕಟರಮಣಪ್ಪ: ಅಯ್ಯೋ, ಹಂಗಲ್ಲ ಮಾರಾಯ. ಬರೀ ಎರಡು ನಿಮಿಷಕ್ಕೆ.

ಸೋಮಪ್ಪ: ಆ ಎರಡು ನಿಮಿಷ ನಾ ಏನ್ ಮಾಡ್ಲಿ ಸಾರ? ಹೊರಗ ಹೋಗಿ ಮಲಕ್ಕೋಬೇಕೋ?

ಸಿದ್ದಕ್ಕ: ಮದುವಿ ಮನಿಗೆ ಹೊಂಟಾಕಿಗೆ ಬಳಿ ತಗಿ ಅಂತೀರಲ್ರೀ ಅಣ್ಣಾರ. ನಿಮ್ಮ ಮನಿಯಾಗ ಗೌರಕ್ಕಗ ಹಿಂಗ ಅಂದು ನೋಡ್ರಿ. ಮೈಕು ನಿಮ್ಮ ಕೊಳ್ಳಾಗ ಇರ್ತೈತಿ.

ವೆಂಕಟರಮಣಪ್ಪ: ತಪ್ಪಾಯ್ತು ತಾಯಿ. ಆದ್ರೆ ಈ ಮೈಕಿಗೆ ಸಂಪ್ರದಾಯ ಗೊತ್ತಿಲ್ಲವಲ್ಲ. ಅದು ಯಾವುದು ಜೋರಾಗಿದೆಯೋ ಅದನ್ನ ಕೇಳುತ್ತೆ.

ಸೋಮಪ್ಪ: ತಗಿಯೂದು ಬ್ಯಾಡ್ರಿ. ಅಲ್ಲಾಡದಂಗ ಬಿಗಿದ್ರ ಸಾಕು. ಶಾಪಿನಾಗ ಜಾಬ್ ಅದುರಿದ್ರ ನಾವು ಅದನ್ನ ಮಾಡ್ತೀವಿ. ಬನಿಯನ್ ಬಟ್ಟಿ ಐತಿ ನನ್ನ ಹತ್ರ.

ಸಿದ್ದಕ್ಕ: ಎಣ್ಣಿ ಒರಸೂ ಬಟ್ಟಿ ರೊಟ್ಟಿ ಹತ್ರ ತಂದ್ರ ನೋಡ್ರಿ ಮತ್ತ.

ಕೊನೆಗೆ ತೊಳೆದ ಹಳೆಯ ಪಂಚೆಯ ಎರಡು ಚೂರು ಬಂದವು. ಮಣಿಕಟ್ಟಿನಿಂದ ಮೊಳಕೈವರೆಗೆ ಬಳೆಗಳನ್ನು ಸುತ್ತಿ ಬಿಗಿದದ್ದಾಯಿತು. ಸಿದ್ದಕ್ಕ ಈಗ ಬಸ್ಸಿನಿಂದ ಬಿದ್ದು ಆಸ್ಪತ್ರೆಗೆ ಹೋಗಿ ಬಂದವಳ ಹಾಗೆ ಕಾಣುತ್ತಿದ್ದಳು. ಆದರೆ ಸದ್ದಿರಲಿಲ್ಲ. ಪಿಯುಸಿ ಓದುವ ಮಗಳು ನೀಲಾಂಬಿಕಾ ಮದುವೆ ಮನೆಗೆ ಮುಂಚೆಯೇ ಹೋಗುವಾಗ ಬರೆದಿಟ್ಟಿದ್ದ ಭಾಷಣ ಸಿದ್ದಕ್ಕನಿಗೆ ಬಾಯಿಪಾಠವಾಗಿತ್ತು.

ವೆಂಕಟರಮಣಪ್ಪ: ಈಗ ಫೈನಲ್ಲು. ಹೆದರ್ಕೋಬೇಡಿ, ನನ್ನ ಕೈಯಲ್ಲಿ ಈವರೆಗೆ ಒಂದು ಮದುವೆಯೂ ತಪ್ಪಿಲ್ಲ. ಯಾಕೆ ಹೇಳಿ? ನಾನು ಯಾವತ್ತೂ ಒಂದು ಕ್ಲಿಕ್ ಹೊಡೆಯೋನಲ್ಲ. ಒಂದು ಹೊಡೆದು, ಸೇಫ್ಟಿಗೆ ಅಂತ ಇನ್ನೊಂದು. ಮೊದಲನೇದ್ರಲ್ಲಿ ಮದುಮಗ ಕಣ್ಣು ಮುಚ್ಚಿದ್ರೆ ಎರಡನೇದ್ರಲ್ಲಿ ತೆಗೆದಿರ್ತಾನೆ.

ಸೋಮಪ್ಪ: ಎರಡರಾಗೂ ಮುಚ್ಚಿದ್ರ?

ವೆಂಕಟರಮಣಪ್ಪ: ಆಗ ಅವನ ಕಣ್ಣೇ ಅಷ್ಟು ಅಂತ ಅರ್ಥ. ರೆಡಿ.

ಒಲೆಯ ಮೇಲಿನ ನೀರು ಕುದಿದು ಆವಿ ಚಾಳೀಸಿಗೆ ಕವಿದಿತ್ತು. ಅದನ್ನು ಹಣೆಯ ಮೇಲೆ ತಳ್ಳಿ, ಇಪ್ಪತ್ತೆರಡು ವರ್ಷದ ಅನುಭವದಿಂದ ಗುಂಡಿಯನ್ನು ಟಕ್ಕೆಂದು ಒತ್ತಿದರು. ಸೇಫ್ಟಿಗೆ ಇನ್ನೊಮ್ಮೆ ಟಕ್.

ಸಿದ್ದಕ್ಕ ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತ ಒಪ್ಪಿಸತೊಡಗಿದಳು.

ಸಿದ್ದಕ್ಕ: ಮಾನ್ಯರೇ. ನಮಸ್ಕಾರ. ನನ್ನ ಹೆಸರು ಸಿದ್ದಮ್ಮ ಸೋಮಪ್ಪ. ಜೋಳದ ರೊಟ್ಟಿಯು ಪೌಷ್ಟಿಕಾಂಶಗಳ ಆಗರವಾಗಿದೆ. ನಮ್ಮ ಅಡುಗೆಮನೆಯಲ್ಲಿ ಸ್ವಚ್ಛತೆಗೆ ಪ್ರಥಮ ಆದ್ಯತೆ ನೀಡಲಾಗುತ್ತದೆ.

ಒಂದು ಅಕ್ಷರ ತಪ್ಪಲಿಲ್ಲ. ಕೊನೆಗೆ ‘ಇಂತಿ ತಮ್ಮ ವಿಶ್ವಾಸಿ’ ಎಂಬುದನ್ನೂ ಹೇಳಿ ಕೈ ಮುಗಿದಳು. ಬ್ಯಾಂಡೇಜು ಕಟ್ಟಿದಂತಿದ್ದ ಆ ಎರಡು ಕೈಗಳನ್ನು ನೋಡಿ ಸೋಮಪ್ಪನಿಗೇ ಕನಿಕರ ಬಂತು.

ವೆಂಕಟರಮಣಪ್ಪ: ಫಸ್ಟ್ ಕ್ಲಾಸ್. ಬಂದ್ ಮಾಡಿದೆ.

ಎಂದು ಗುಂಡಿ ಒತ್ತಿದರು. ಬಂದ್ ಮಾಡುವುದಕ್ಕೆ ಸೇಫ್ಟಿ ಬೇಕಿಲ್ಲವಾದ್ದರಿಂದ ಒಂದೇ ಸಲ.

ಸಿದ್ದಕ್ಕ ‘ಉಸ್’ ಎಂದು ಪಂಚೆಯ ಚೂರು ಬಿಚ್ಚಿದಳು. ಸೆರಗಿನ ಮೈಕು ಕಿತ್ತು ಹಿಟ್ಟಿನ ಡಬ್ಬಿಯ ಮೇಲಿಟ್ಟಳು. ನಾದಿದ ಹಿಟ್ಟು ಉಳಿದಿತ್ತು, ಹಂಚು ಕಾದಿತ್ತು. ಕ್ಯಾಮೆರಾ ತನ್ನ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಾಗೇ ನಿಂತಿತ್ತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಣ್ಣೆದುರಿಗೆ ಇರುವಾಗ ಅದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುವಷ್ಟು ವೈರಾಗ್ಯ ವೆಂಕಟರಮಣಪ್ಪನವರಿಗೆ ಇರಲಿಲ್ಲ. ತಟ್ಟೆ ಎಳೆದುಕೊಂಡು ಮಣೆಯ ಪಕ್ಕದಲ್ಲೇ ಕೂತರು. ಸೋಮಪ್ಪ ಆಟೋ ತರಲು ಹೋದ.

ವೆಂಕಟರಮಣಪ್ಪ: ಒಂದು ಮಾತು ಸಿದ್ದಕ್ಕ. ಇದನ್ನೆಲ್ಲಾ ಈಗ ಮಷೀನೇ ಮಾಡುತ್ತಲ್ಲ. ಇತ್ತಲಾಗಿಂದ ಹಿಟ್ಟು ಹಾಕಿದ್ರೆ ಅತ್ತಲಾಗಿಂದ ರೊಟ್ಟಿ. ನೀವ್ಯಾಕೆ ಇಷ್ಟು ಕಷ್ಟ ಪಡ್ತೀರಿ?

ಸಿದ್ದಕ್ಕ: ನಿಮ್ಮ ಕೈ ಎಲ್ಲೆಲ್ಲಿ ಇದ್ದುವು ಬೆಳಿಗ್ಗಿಂದ?

ವೆಂಕಟರಮಣಪ್ಪ: ಯಾಕೆ?

ಸಿದ್ದಕ್ಕ: ಆ ವಯರು ಮುಟ್ಟಿದ್ರಿ, ಚಾಳೀಸು ಮುಟ್ಟಿದ್ರಿ, ಮೂರು ಸಲ ಮೂಗು ಮುಟ್ಟಿದ್ರಿ, ನಾ ನೋಡೀನಿ. ಈಗ ಹಂಗ ಬಂದು ತಾಟಿಗೆ ಕೈ ಹಾಕಿದ್ರಿ. ಏಳ್ರಿ. ಅಲ್ಲಿ ಸಾಬೂನು ಐತಿ. ನಮ್ಮನಿಯಾಗ ಕೈ ತೊಳೀದ ರೊಟ್ಟಿ ಮುಟ್ಟೂಹಂಗಿಲ್ಲ, ಮಾಡೋರೂ ಅಷ್ಟ, ತಿನ್ನೋರೂ ಅಷ್ಟ. ಏಳ್ರಿ ಅಂದೆ.

ವೆಂಕಟರಮಣಪ್ಪನವರು ಎದ್ದರು. ತೊಳೆದುಕೊಂಡು ಬಂದು ತೋರಿಸಿದರು.

ಸಿದ್ದಕ್ಕ: ಉಗುರು? ಹಾಂ, ಈಗ ಕುಂದ್ರಿ. ಏನೋ ಕೇಳಿದ್ರಿ?

ವೆಂಕಟರಮಣಪ್ಪ: ಮಷೀನು. ಮಷೀನ್ ರೊಟ್ಟಿ ಎಲ್ಲಾ ಒಂದೇ ಸೈಜು ಇರುತ್ತೆ ಅಂತ.

ಸಿದ್ದಕ್ಕ: ಹೌದ್ರಿ. ತಿನ್ನೋರ ಹೊಟ್ಟಿ ಎಲ್ಲಾ ಒಂದ ಸೈಜ್ ಇರ್ತಾವೇನು?

ವೆಂಕಟರಮಣಪ್ಪ: ಮಷೀನ್ ಸದ್ದೂ ಮಾಡಲ್ಲ.

ಸಿದ್ದಕ್ಕ: ಸಪ್ಪಳ ಬ್ಯಾಡ ಅಂತೀರಿ ನೀವು. ನಮ್ಮವ್ವ ರುಕ್ಮವ್ವಗ ಕಡೀ ಕಾಲಕ್ಕ ಕಣ್ಣು ಕಾಣ್ತಿದ್ದಿಲ್ಲ. ಪಡಸಾಲ್ಯಾಗ ಕುಂತು ಕೇಳ್ತಿದ್ಲು. ನಾ ಒಳಗ ಬಡೀತಿದ್ರ, ಏ ಸಿದ್ದಿ, ಆ ಮಗ್ಗಲ ದಪ್ಪ ಉಳದೈತಿ ನೋಡು, ಅಂತಿದ್ಲು. ಹೆಂಗ ಗೊತ್ತಾತು? ಬಳಿ ಸಪ್ಪಳದಾಗ. ಕೇಳ್ರಿ ಇಲ್ಲಿ. ಕೈ ಒಂದ ಸಮ ಬಿದ್ರ ಬಳಿ ಒಂದ ಸಮ ನುಡೀತಾವು. ಎಲ್ಲೋ ಹಿಟ್ಟು ದಪ್ಪ ಐತಿ ಅಂದ್ರ ಕೈ ತಡೀತೈತಿ, ಬಳಿ ತಾಳ ತಪ್ಪತಾವು. ಕೇಳಿದ್ರಿಲ್ಲ? ಇಗೋ, ಇಲ್ಲಿ. ಈಗ ಸಮ ಆತು. ಹಂಚಿಗೆ ಹಾಕಿದ ಮ್ಯಾಲ ನೀರು ಸವರೂದು. ಉಬ್ಬಿತೋ, ನೋಡ್ರಿ, ನಿಮ್ಮ ಗಲ್ಲದಂಗ. ತಗೋರಿ.

ವೆಂಕಟರಮಣಪ್ಪ: ಚಟ್ನಿ ಇನ್ನೊಂದು ಸ್ವಲ್ಪ.

ಸಿದ್ದಕ್ಕ: ಬಾಯಾಗಿಂದು ಮೊದಲ ನುಂಗ್ರಿ.

ಆಟೋ ಬಂತು. ಗಂಡ ಹೆಂಡತಿ ಬೀಗ ಹಾಕಿಕೊಂಡು ಹೊರಟರು. ‘ನಾಲ್ಕು ಮನಿ ಹೆಂಗಸರು ನಿಮ್ಮ ಡಬ್ಬಿ ಮ್ಯಾಲ ಕುಂತಾರ ಅಣ್ಣಾರ’ ಎಂದು ಸಿದ್ದಕ್ಕ ಆಟೋದಿಂದ ಹೇಳಿದಳು. ವೆಂಕಟರಮಣಪ್ಪನವರು ಕ್ಯಾಮೆರಾದ ಪೆಟ್ಟಿಗೆಯನ್ನು ತಟ್ಟಿ ತೋರಿಸಿದರು.

ಸಂಜೆ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತಾಗ ಅವರಿಗೆ ಸಿಕ್ಕಿದ್ದು ನಾಲ್ಕು ತುಣುಕು. ಎರಡು ಟೆಸ್ಟು. ಮೂರನೆಯದು ಒಂದು ಸೆಕೆಂಡಿನದು. ಅದರಲ್ಲಿ ಸಿದ್ದಕ್ಕ ಮಾನ್ಯರೇ ಎನ್ನಲು ಬಾಯಿ ತೆರೆಯುತ್ತಿದ್ದಳು, ಅಷ್ಟೆ. ನಾಲ್ಕನೆಯದು ಹನ್ನೆರಡು ನಿಮಿಷ. ಅಷ್ಟು ಹೊತ್ತು ಓಡಿದರೆ ತಾನಾಗಿಯೇ ನಿಲ್ಲುವ ಜಾತಿಯ ಕ್ಯಾಮೆರಾ ಅದು. ಮೊದಲ ಒತ್ತು ಓಡಿಸಿತ್ತು. ಸೇಫ್ಟಿಯ ಒತ್ತು ನಿಲ್ಲಿಸಿತ್ತು. ಬಂದ್ ಮಾಡಿದೆ ಎಂದು ಒತ್ತಿದ್ದು ಮತ್ತೆ ಓಡಿಸಿತ್ತು. ಚಾಳೀಸು ಹಣೆಯ ಮೇಲಿದ್ದ ಅವರಿಗೆ ಕೆಂಪು ಚುಕ್ಕೆ ಹೋದದ್ದೂ ಬಂದದ್ದೂ ಕಂಡಿರಲಿಲ್ಲ. ಭಾಷಣ ಗಾಳಿಗೆ ಹೋಗಿತ್ತು. ಊಟ ಪೂರ್ತಿ ಬಂದಿತ್ತು.

ಕಾಫಿ ತಂದ ಹೆಂಡತಿ ಗೌರಮ್ಮ ಅವರ ಹಿಂದೆ ನಿಂತು ಹನ್ನೆರಡು ನಿಮಿಷವೂ ನೋಡಿದರು. ಕಾಫಿ ಆರಿತು.

ಗೌರಮ್ಮ: ಎಷ್ಟ್ ಚೆನ್ನಾಗಿ ಬಂದಿದೆ ಕಣ್ರೀ. ಬಳೆ ಸದ್ದು ಕೇಳಿ, ಕಿವಿ ಪಕ್ಕದಲ್ಲೇ ರೊಟ್ಟಿ ತಟ್ಟಿದಂಗಿದೆ. ಈ ಮೈಕು ಎಲ್ಲಿ ಇಟ್ಟಿದ್ರಿ?

ವೆಂಕಟರಮಣಪ್ಪ: ಹಿಟ್ಟಿನ ಡಬ್ಬಿ ಮೇಲೆ ಬಿದ್ದಿತ್ತು. ನನ್ನ ಮಾನ ಹೋಯ್ತು ಬಿಡು. ಊರಿಗೆ ಹೋದೋರು ಬರೋದು ಬುಧವಾರ. ನಾಳೆ ಒಂಬತ್ತಕ್ಕೆ ಏನು ಕೊಡ್ಲಿ?

ಗೌರಮ್ಮ: ಇದನ್ನೇ ಕೊಡಿ. ಎರಡು ನಿಮಿಷಕ್ಕೆ ಕತ್ತರಿಸಿ.

ವೆಂಕಟರಮಣಪ್ಪ: ಸರಿ, ಆ ಬಳೆ ವಿಷ್ಯ, ರೊಟ್ಟಿ ಉಬ್ಬೋದು ಇಟ್ಕೋತೀನಿ. ಕೈ ತೊಳೆಯೋದು ತೆಗೆದುಬಿಡ್ತೀನಿ.

ಗೌರಮ್ಮ: ಅದನ್ನ ತೆಗೆದ್ರೆ ಉಳಿಯೋದೇನು? ಕ್ಲೀನಾಗಿದೀವಿ ಅಂತ ತೋರ್ಸಿ ಅಂತಾನೇ ಅಲ್ವಾ ಅವರು ಕೇಳಿರೋದು? ಅದಿರೋದು ಅಲ್ಲೊಂದೇ.

ವೆಂಕಟರಮಣಪ್ಪ: ಅಲ್ಲಿ ಮೂಗು ಮುಟ್ಟಿದ್ದು ಯಾರು ಅಂತ ಗೊತ್ತಾಗುತ್ತೆ ಗೌರಿ. ಪೀಣ್ಯದಲ್ಲಿ ನನಗೆ ಒಂದು ಹೆಸರಿದೆ.

ಗೌರಮ್ಮ: ನಿಮ್ಮ ಹೆಸರು ಒಂದು. ಅಲ್ಲಿ ನಾಲ್ಕು ಮನೆ.

ಇಷ್ಟು ಹೇಳಿ ಅವರು ಆರಿದ ಕಾಫಿ ಬಿಸಿ ಮಾಡಲು ಹೋದರು. ವೆಂಕಟರಮಣಪ್ಪನವರು ಮೌಸು ಹಿಡಿದು ತಮ್ಮ ಮೂಗನ್ನು ನಾಲ್ಕು ಸಲ ಕತ್ತರಿಸಿದರು, ನಾಲ್ಕು ಸಲ ಮತ್ತೆ ಅಂಟಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಕಾರ್ಖಾನೆಯ ಗೇಟಿನಲ್ಲಿ ಕೊಟ್ಟ ಸಿ.ಡಿ.ಯಲ್ಲಿ ಮೂಗು ಇತ್ತು.

ಬುಧವಾರ ಕ್ಯಾಂಟೀನ್ ನೋಡಿಕೊಳ್ಳುವ ಅಧಿಕಾರಿ ಲಾವಣ್ಯ ಫೋನು ಮಾಡಿದರು.

ಲಾವಣ್ಯ: ಸಾರ್, ಆರ್ಡರ್ ಸಿದ್ದಕ್ಕ ಅವರಿಗೇ. ಬಳೆ ವಿಷ್ಯ ಬಂದಾಗ ನಮ್ಮಲ್ಲಿರೋ ಬಾದಾಮಿ ಕಡೆಯ ಹುಡುಗ್ರು ಇಬ್ರು ಕಣ್ಣೊರೆಸ್ಕೊಂಡ್ರು. ಇನ್ನೊಂದು ಕೇಳ್ಬೇಕಿತ್ತು. ಕೈ ತೊಳೀದೆ ಊಟಕ್ಕೆ ಕೂತ್ಕೋತಾರಲ್ಲ, ಆ ಪೆದ್ದಣ್ಣನ ಪಾತ್ರ ಮಾಡಿರೋರು ಯಾರು? ಸಕ್ಕತ್ ಆಕ್ಟಿಂಗ್. ಆ ಪೀಸ್‌ನ ನಮ್ಮ ಊಟದ ಹಾಲ್ ಟೀವೀಲಿ ದಿನಾ ಹಾಕೋಣ ಅಂತ ಇದೀವಿ.

ವೆಂಕಟರಮಣಪ್ಪ: ಯಾರೋ ಸ್ಥಳೀಯ ಕಲಾವಿದರು ಮೇಡಂ.

ಅಂದು ಸಂಜೆ ಊರಿಂದ ಬಂದಿಳಿದ ಸಿದ್ದಕ್ಕ, ಸೋಮಪ್ಪ ಬ್ಯಾಗು ಸಮೇತ ಸ್ಟುಡಿಯೋಕ್ಕೇ ಬಂದರು. ವೆಂಕಟರಮಣಪ್ಪನವರು ಏನನ್ನೂ ಮುಚ್ಚಿಡದೆ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದರು. ಸೋಮಪ್ಪ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. ಸಿದ್ದಕ್ಕ ಮಾತ್ರ ಒಂದು ಚೂರೂ ನಗದೆ, ತನ್ನ ರೊಟ್ಟಿಯ ಅಂಚನ್ನೇ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. ಆಮೇಲೆ ಚಟ್ನಿಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು.

ಆ ಡಬ್ಬಿ ನೋಡಿ ವೆಂಕಟರಮಣಪ್ಪನವರಿಗೆ ಧೈರ್ಯ ಮರಳಿತು. ಧೈರ್ಯದ ಹಿಂದೆಯೇ ಇಪ್ಪತ್ತೆರಡು ವರ್ಷದ ಅನುಭವವೂ ಮರಳಿತು. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದರು.

ವೆಂಕಟರಮಣಪ್ಪ: ಏನೇ ಹೇಳಿ ಸಿದ್ದಕ್ಕ, ಮೊದಲ ಸಲ ಕ್ಯಾಮೆರಾ ಮುಂದೆ ಬಂದೋರು ಇಷ್ಟು ಸಲೀಸಾಗಿ ಮಾತಾಡಿದ್ದು ನಾನು ನೋಡಿಲ್ಲ. ಮುಂದಿನ ಕೆಲಸಕ್ಕೆ ನನಗೂ ಅನುಕೂಲ ಆಗುತ್ತೆ ಅಂತ ಕೇಳ್ತೀನಿ. ಲೈಟು ಸೆಟ್ ಮಾಡ್ದೆ, ಶಟರ್ ಸೆಟ್ ಮಾಡ್ದೆ, ಮೈಕು ಸಿಗಿಸ್ದೆ. ಅವತ್ತು ನಾನು ಮಾಡಿದ್ರಲ್ಲಿ ನಿಮಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆಗಿದ್ದು ಯಾವುದು?

ಸಿದ್ದಕ್ಕ: ಬಂದ್ ಮಾಡೀನಿ ಅಂದ್ರಲ್ರೀ, ಅದು.